ಹೆಣವಿಲ್ಲದೆ ಹೇಳದ ಪಾಠ

ಆ ಪಾಠ ಕಲಿಯಬೇಕೆಂದರೆ ಯಾರಾದರೂ ಸಾಯಬೇಕಿತ್ತು. ಹಟ್ಟಿಯ ಹುಡುಗ ದೇವನನ್ನು ಕಾಡುತ್ತಿದ್ದುದು ಅದೇ.

ಊಟಿ ಬಳಿ ಸೋಲೂರಿನ ಕಡೆಯ ಅವರ ಹಟ್ಟಿಯಲ್ಲಿ ಸಾವಾದರೆ ಹೆಣವನ್ನು ಹುಲ್ಲುಬಯಲಲ್ಲಿ ಇಳಿಸುತ್ತಾರೆ. ಹಿರಿಯನೊಬ್ಬ ತಲೆಯ ಬಳಿ ನಿಂತು ಸತ್ತವರ ತಪ್ಪುಗಳನ್ನು ಹೇಳುತ್ತಾ ಹೋಗುತ್ತಾನೆ. ಮಾಡಿದ್ದು, ಮಾಡದೆ ಬಿಟ್ಟದ್ದು, ಅವರ ಮುತ್ತಜ್ಜಂದಿರು ಮಾಡಿರಬಹುದಾದದ್ದು. ಸಾಲು ಸಾಲಿಗೂ ನೆರೆದವರು 'ಅದು ಪಾಪ' ಎನ್ನುತ್ತಾರೆ. ಹಿಂದೆ ಆ ಪಾಪಗಳನ್ನು ಹೊತ್ತು ಹೋಗಲು ಒಂದು ಕರುವನ್ನು ಬಿಡುತ್ತಿದ್ದರಂತೆ. ಈಗ ಕರುವಿಲ್ಲ, 'ಕರು ಹರಸುವುದು' ಎಂಬ ಹೆಸರು ಮಾತ್ರ ಇದೆ. ಅದನ್ನು ಪೂರ್ತಿ ಬಲ್ಲವನು ಹಟ್ಟಿಗೆಲ್ಲ ಧರ್ಮಲಿಂಗಂ ಒಬ್ಬನೇ, ದೇವನ ಅಜ್ಜನ ತಮ್ಮ. ದೇವ ಅವನನ್ನೂ ಅಜ್ಜನಂತೆ 'ಹೆತ್ತಪ್ಪ' ಎಂದೇ ಕರೆಯುತ್ತಿದ್ದ.

ದೇವ ಎಂಎಸ್ಸಿ ಮುಗಿಸಿ, ದಿನಾ ಬೆಳಗಿನ ಬಸ್ಸಿಗೆ ಊಟಿಯ ಕೋಚಿಂಗ್ ಸೆಂಟರಿಗೆ ಹೋಗುತ್ತಿದ್ದ. ಸಂವಿಧಾನದ ವಿಧಿಗಳು, ಯಾವ ನದಿ ಎಲ್ಲಿ ಹುಟ್ಟುತ್ತದೆ, ಯಾವ ದೊರೆ ಎಲ್ಲಿ ಸೋತ, ಎಲ್ಲವೂ ಬಾಯಿಪಾಠ. ಪರೀಕ್ಷೆಯ ಹಾಳೆಯ ಮೇಲಿನ ಸೊನ್ನೆಗಳನ್ನು ಕಪ್ಪು ಮಾಡಿ ಕೊಟ್ಟು ಬಂದರೆ ಮುಗಿಯಿತು. ಆ ಕಡೆಯಿಂದ ಯಾರೂ ಹೌದು ಅನ್ನುವವರಿಲ್ಲ, ಅಲ್ಲ ಅನ್ನುವವರೂ ಇಲ್ಲ. ಅವನ ಅವ್ವೆ ಸತ್ತ ದಿನ ಬೇರೆಯೇ ಆಗಿತ್ತು. ಧರ್ಮಲಿಂಗಂ ಒಂದೊಂದು ಸಾಲು ಹೇಳಿ ನಿಲ್ಲಿಸಿದಂತೆಲ್ಲ ಇಡೀ ಬಯಲು ಉತ್ತರ ಕೊಟ್ಟಿತ್ತು. ದೇವನ ಎದೆಯ ಮೇಲಿನ ಭಾರ ಒಂದೊಂದು ಹಿಡಿಯಷ್ಟು ಇಳಿದಿತ್ತು. ಬಾಯಿಪಾಠ ಮಾಡಿದ ಮಾತು ಇನ್ನೊಬ್ಬರಿಗೆ ಇಷ್ಟು ಬೇಕಾಗಿರುತ್ತದೆಂದು ಅವನಿಗೆ ಯಾವ ಶಾಲೆಯೂ ಹೇಳಿರಲಿಲ್ಲ.

ಅಂದಿನಿಂದ ಮುದುಕನ ಬೆನ್ನು ಬಿದ್ದ.

"ಹೆತ್ತಪ್ಪ, ಒಂದೇ ಸಲ ಹೇಳು."

"ಇಲ್ಲ ತಮ್ಮ. ಒಲೆ ಮುಂದೆ ಕೂತು ಹೇಳೋ ಮಾತಾ ಅದು? ಹೆಣ ಇಲ್ಲದೆ ಹೇಳಿದ್ರೆ ಅದು ಹೆಣ ಹುಡುಕ್ಕೊಂಡು ಹೊರಡುತ್ತೆ."

"ಹಂಗಾದ್ರೆ ನಾ ಕಲಿಯೋದು ಯಾವಾಗ?"

"ಸಾವಿಗೆ ಬಾ. ಎನ್ನ ಪಕ್ಕ ನಿಲ್ಲು. ಎಲ್ಲರ ಜೊತೆ ದನಿ ಕೂಡಿಸು. ನಾ ಕಲಿತದ್ದೂ ಹಂಗೇ."

ಮುದುಕನ ಹೆಂಡತಿ ಚಿನ್ನಿ ಚಹಾ ಸೋಸುತ್ತಾ ನಕ್ಕಳು. "ಪಾಪ ಕೊಡೋಕೂ ಜಿಪುಣ ಈ ಮನುಷ್ಯ! ಬೇರೆ ಏನ ಕೊಟ್ಟಾನು, ಬಿಡು ತಮ್ಮ."

ದೇವ ಸಾವುಗಳಿಗೆ ಹೋಗತೊಡಗಿದ. ಎದುರು ಗುಡ್ಡದಿಂದ ತಮಟೆ ಸದ್ದು ಕೇಳಿದರೆ ಮೊದಲು ಖುಷಿಯಾಗುತ್ತಿತ್ತು, ಆಮೇಲೆ ತನ್ನ ಮೇಲೇ ಹೇಸಿಗೆ. ಒಮ್ಮೆ ಮಾದರಿ ಪರೀಕ್ಷೆ ಬಿಟ್ಟು ಮುದುಕನ ಜೊತೆ ಕಲ್ಲಟ್ಟಿ ಕಡೆಯ ಹಟ್ಟಿಯೊಂದಕ್ಕೆ ಹೋಗಿದ್ದ. "ಸತ್ತವ ನಿನಗೆ ಏನಾಗ್ಬೇಕು?" ಎಂದು ಅಲ್ಲಿಯ ಮುದುಕಿ ಕೇಳಿದಳು. ಪಾಠಕ್ಕೆ ಬಂದೆ ಎನ್ನಲಾಗದೆ ದೇವ ತಲೆ ತಗ್ಗಿಸಿದ. "ಅಳಬೇಡ ತಮ್ಮ," ಎಂದು ಅವಳೇ ಸಮಾಧಾನ ಮಾಡಿದಳು.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೂ ನಡುವಿನ ಒಂದು ಭಾಗ ಅಳುವ ದನಿಗಳಲ್ಲಿ ಮುಳುಗಿರುತ್ತಿತ್ತು. ಅದೊಂದನ್ನಾದರೂ ಬಿಡಿಸಿ ಹೇಳೆಂದು ಗೋಗರೆದ. "ಇನ್ನೊಂದು ಸಾವು ಬರಲಿ," ಎಂದ ಮುದುಕ.

ಬಂದದ್ದು ಅವನದೇ.

ಬಯಲಲ್ಲಿ ಧರ್ಮಲಿಂಗಂನನ್ನು ಇಳಿಸಿದಾಗ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಎಲ್ಲರೂ ದೇವನನ್ನು ನೋಡಿದರು. ಅವನು ಹೋಗಿ ತಲೆಯ ಬಳಿ ನಿಂತ. ಪರೀಕ್ಷೆಯಲ್ಲಿ ಮರೆಯುವ ಮೊದಲೇ ಬರೆದುಬಿಡುವವನಂತೆ ನಾಲ್ಕಾರು ಸಾಲುಗಳನ್ನು ಒಂದೇ ಉಸಿರಿಗೆ ಹೇಳಿದ. ಗದ್ದೆಯ ಎಲ್ಲೆಕಲ್ಲು ಸರಿಸಿದ, ದಾರಿ ಕೇಳಿದವನಿಗೆ ತಪ್ಪು ದಾರಿ ತೋರಿಸಿದ...

"ಮೆಲ್ಲ, ತಮ್ಮ," ಎಂದರು ಹಿಂದಿನಿಂದ ಯಾರೋ. "ನಂಗಳಿಗೂ ಜಾಗ ಬಿಡು."

ದೇವ ನಿಲ್ಲಿಸಿದ. ಒಂದು ಸಾಲು ಹೇಳಿ ಕಾದ. 'ಅದು ಪಾಪ' ಎಂಬ ಮೊಳಗು ಬಂದು ಅವನ ಕಾಲ ಕೆಳಗಿನ ನೆಲಕ್ಕೆ ತಾಗಿತು. ಮುಂದಿನ ಸಾಲು ತಾನಾಗಿ ಬಂತು, ಅದರ ಮುಂದಿನದೂ.

ಆಮೇಲೆ ಆ ಗೊತ್ತಿಲ್ಲದ ಭಾಗ ಬಂತು.

ಬಯಲು ಕಾಯುತ್ತಿತ್ತು. ದೇವ ಮುದುಕನ ಮುಚ್ಚಿದ ಬಾಯಿಯನ್ನು ನೋಡಿದ. ಯಾರನ್ನು ಕೇಳಬೇಕೋ ಅವನು ಅಲ್ಲೇ, ಕೈಗೆಟುಕುವಷ್ಟು ಹತ್ತಿರ ಮಲಗಿದ್ದ. ಎಷ್ಟು ಸಲ ಕೇಳಿದ್ದೆ! ದೇವನ ಗಂಟಲಿನಿಂದ ಯಾರೂ ಹೇಳಿಕೊಡದ ಸಾಲೊಂದು ಹೊರಟಿತು:

"ಕಲಿಯಲು ಬಂದವನಿಗೆ ಕಲಿಸದೆ ಹೋದ."

ಯಾರೂ ದನಿ ಕೂಡಿಸಲಿಲ್ಲ. ಒಬ್ಬ ಹಿರಿಯ ಕೆಮ್ಮಿದ. ಇಲ್ಲದ ಪಾಪವನ್ನು ಹೆಣದ ಮೇಲೆ ಹೊರಿಸಿಬಿಟ್ಟೆನೇ ಎಂದುಕೊಂಡ ದೇವ. ಅಷ್ಟರಲ್ಲಿ ಗಂಡನ ಪಾದದ ಮೇಲೆ ಕೈಯಿಟ್ಟು ಕೂತಿದ್ದ ಚಿನ್ನಿ ತಲೆಯೆತ್ತಿ ಅವನನ್ನು ದಿಟ್ಟಿಸಿದಳು.

"ಅದು ಪಾಪ," ಎಂದಳು.

ಆಗ ಎಲ್ಲರೂ ಅಂದರು. ಇಡೀ ಬಯಲೇ ಅಂದಿತು. ಮುದುಕನ ದನಿ ಮಾತ್ರ ಅದರಲ್ಲಿರಲಿಲ್ಲ. ದೇವ ಆ ದನಿಗಾಗಿ ಬೇಕಾದ್ದಕ್ಕಿಂತ ಕೊಂಚ ಹೆಚ್ಚೇ ಕಾದು, ಮುಂದಿನ ಸಾಲಿಗೆ ಬಾಯಿ ತೆರೆದ.