ಜೋಳದ ಹೊಲದಲ್ಲಿ ಸೀಟಿ

ನಮ್ಮ ಊರುಗಳಲ್ಲಿ ಹುಡುಗಿಯೊಬ್ಬಳು ಆಟದಲ್ಲಿ ಗೆದ್ದು ಬಂದರೆ ಹಾರ ಹಾಕುತ್ತೇವೆ, ಪೇಪರಿನಲ್ಲಿ ಫೋಟೋ ಬಂದರೆ ಕತ್ತರಿಸಿ ಇಟ್ಟುಕೊಳ್ಳುತ್ತೇವೆ. ಅದೇ ಹುಡುಗಿಗೆ ಲಗ್ನ ಗೊತ್ತಾಯಿತೋ, ಆಕೆ ಯಾವತ್ತೂ ಆಡಿಯೇ ಇಲ್ಲವೇನೋ ಎಂಬಂತೆ ಮರೆತುಬಿಡುತ್ತೇವೆ. ಹಿರೇವಡ್ಡಟ್ಟಿಯ ಸುಶ್ಮಿತಾಳಿಗೆ ಆದದ್ದೂ ಅದೇ.

ಸುಶ್ಮಿತಾ ಹೊಂಬಳದ ಮಗಳು. ಜಿಲ್ಲೆಯ ಕಬಡ್ಡಿ ತಂಡದಲ್ಲಿ ರೇಡ್ ಹೋಗುತ್ತಿದ್ದವಳು. ಆಕೆ ನಡುಗೆರೆ ದಾಟಿದಳೆಂದರೆ ಎದುರಿನ ಏಳೂ ಮಂದಿ ಹಿಂದಕ್ಕೆ ಸರಿಯುತ್ತಿದ್ದರು. ಡಿಗ್ರಿ ಎರಡನೇ ವರ್ಷದಲ್ಲಿ ಲಗ್ನವಾಗಿ ಹಿರೇವಡ್ಡಟ್ಟಿಗೆ ಬಂದಳು. ಬಂದು ಐದು ವರ್ಷವಾಯಿತು, ಮಗಳು ಸ್ನೇಹಾಳಿಗೆ ಮೂರು ತುಂಬಿತು. ಗಂಡ ಯಲ್ಲೇಶ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಅವ್ವ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ ಎನ್ನುವ ಸಂಭಾವಿತ. ಅತ್ತೆ ಶೇಖವ್ವ ಕೆಟ್ಟವಳೇನಲ್ಲ, ಸೊಸೆಗೆ ಬಡಿಸಿ ತಾನು ಉಣ್ಣುವವಳು. ಆದರೆ ಆಕೆ ಹಾಕಿದ ಗೆರೆಯನ್ನು ಆ ಮನೆಯಲ್ಲಿ ಯಾರೂ ದಾಟುತ್ತಿರಲಿಲ್ಲ.

ಸಂಜೆ ಐದಕ್ಕೆ ಹೈಸ್ಕೂಲು ಮೈದಾನದಲ್ಲಿ ಆಟ ಶುರುವಾಗುತ್ತದೆ. ಅದೇ ಹೊತ್ತಿಗೆ ಸುಶ್ಮಿತಾ ರೊಟ್ಟಿ ಬಡಿಯಲು ಕೂಡುತ್ತಾಳೆ. ಮೈದಾನದಿಂದ ಸೀಟಿ ಕೇಳಿಸಿದರೆ ಬಡಿಯುವ ಕೈ ನಿಂತುಬಿಡುತ್ತಿತ್ತು. ಮತ್ತೊಮ್ಮೆ ಆ ಮಣ್ಣಿನಲ್ಲಿ ನಿಲ್ಲಬೇಕೆಂಬ ಆಸೆ. ಯಾರ ಮುಂದೆ ಹೇಳಿಕೊಳ್ಳುವುದು? ಹಂಚಿನ ಮೇಲಿನ ರೊಟ್ಟಿ ಕರಕಾದಾಗ, ಮನಸ್ಸು ಎಲ್ಲಿಟ್ಟೀಯವ್ವ ಎಂದು ಶೇಖವ್ವ ಕೇಳುತ್ತಿದ್ದಳು. ಇಲ್ಲೇ ಐತ್ರಿ ಎಂದು ಸುಶ್ಮಿತಾ ಸುಳ್ಳು ಹೇಳುತ್ತಿದ್ದಳು.

ಡಿಸೆಂಬರಿನಲ್ಲಿ ಒಂದು ದಿನ ಅನೀಸ ಮನೆಗೆ ಬಂದಳು. ಲಕ್ಷ್ಮೇಶ್ವರದ ಹುಡುಗಿ, ಹಿಂದೆ ಸುಶ್ಮಿತಾಳ ಜೊತೆ ಅದೇ ತಂಡದಲ್ಲಿ ಆಡಿದವಳು. ಈಗ ಒಂದು ವಸತಿ ಶಾಲೆಯಲ್ಲಿ ಆಟ ಕಲಿಸುತ್ತಾಳೆ, ಪಂದ್ಯಗಳಿದ್ದಾಗ ರೆಫರಿಯಾಗಿ ಹೋಗುತ್ತಾಳೆ. ಶೇಖವ್ವ ಚಹಾ, ಚುರುಮರಿ ಕೊಟ್ಟು ಎದುರಿಗೇ ಕುಳಿತಳು. ಜನವರಿಯ ಕೊನೆಯ ಭಾನುವಾರ ಗದಗಿನಲ್ಲಿ ರೆಫರಿ ಪರೀಕ್ಷೆ ಇದೆ, ಸುಶ್ಮಿತಾ ಅದಕ್ಕೆ ಕೂಡಬೇಕು ಎಂದಳು ಅನೀಸ.

"ಕೂಸಿನ ತಾಯಿ ಈಗೆಲ್ಲಿ ಆಡ್ತಾಳವ್ವ?" ಎಂದಳು ಶೇಖವ್ವ. "ಆಟಕ್ಕೂ ಒಂದು ವಯಸ್ಸು ಇರ್ತೈತಿ. ಮುಗೀತಂದ್ರ ಮುಗೀತು."

"ಆಡೂದು ಮುಗೀತೈತ್ರಿ ಅವ್ವಾರ, ಆಟ ಮುಗಿಯಂಗಿಲ್ಲ. ಹದಿನಾಲ್ಕು ಮಂದಿ ಆಡಬೇಕಂದ್ರ ಆಡಿಸಾಕ ರೆಫರಿ ಬೇಕು, ಅಂಕ ಬರಿಯಾಕ ಒಬ್ಬರು ಬೇಕು, ಕಲಿಸಾಕ ಬೇಕು, ಕಾಲು ಉಳುಕಿದ್ರ ನೋಡಾಕ ಬೇಕು. ಈ ಕೆಲಸಕ್ಕೆಲ್ಲಾ ಹೆಣ್ಮಕ್ಕಳು ಸಿಗವಲ್ರು. ಹುಡುಗ್ಯಾರ ತಂಡದ ಕೂಡ ಹೋಗಾಕ ಒಬ್ಬ ಹೆಣ್ಮಗಳಿಲ್ಲಂತ ಎಷ್ಟು ಮಂದಿ ತಾಯಂದಿರು ಮಕ್ಕಳನ್ನ ಕಳಸೂದ ಬಿಟ್ಟಾರ."

ತಾನಾಗಿದ್ದರೂ ಕಳಿಸುತ್ತಿರಲಿಲ್ಲ ಎಂದು ಶೇಖವ್ವ ಒಪ್ಪಿಕೊಂಡಳು. ಆದರೆ ಇದರಿಂದ ಬದುಕು ನಡೆದೀತೇ ಎಂದು ಕೇಳಿದಳು. ಅನೀಸ ಬಣ್ಣ ಹಚ್ಚಿ ಹೇಳಲಿಲ್ಲ. ರೆಫರಿಗೆ ದಿನಾ ಕೆಲಸ ಇರುವುದಿಲ್ಲ, ಪಂದ್ಯವಿದ್ದ ದಿನ ಮಾತ್ರ ಭತ್ಯೆ. ಆದರೆ ಇದು ಮೊದಲ ಮೆಟ್ಟಿಲು. ನಿಂತ ಡಿಗ್ರಿ ಮುಗಿಸಿ, ತರಬೇತಿ ಪಡೆದರೆ ಶಾಲೆಯಲ್ಲಿ ಆಟದ ಟೀಚರ್ ಆಗಬಹುದು, ಕೋಚ್ ಆಗಬಹುದು. ಹೊರಡುವಾಗ ಅನೀಸ ನಿಯಮದ ಪುಸ್ತಕವನ್ನೂ ಹೊಸ ಸೀಟಿಯೊಂದನ್ನೂ ಗೆಳತಿಯ ಕೈಗಿಟ್ಟಳು.

ಮರುದಿನ ಬೆಳಿಗ್ಗೆ ಸುಶ್ಮಿತಾ ಹಿತ್ತಲಿನಲ್ಲಿ ಒಮ್ಮೆ ಊದಿ ನೋಡಿದಳು. ಮುಸುರೆ ಕೈಯಲ್ಲೇ ಶೇಖವ್ವ ಓಡಿಬಂದಳು.

"ಹೆಣ್ಮಕ್ಕಳು ಸೀಟಿ ಊದಿದ್ರ ಮನ್ಯಾಗಿನ ಲಕ್ಷ್ಮಿ ಎದ್ದು ಹೋಗ್ತಾಳ. ನಮ್ಮತ್ತಿ ನನಗ ಹೇಳಿದ್ದು, ನಾ ನಿನಗ ಹೇಳಾಕತ್ತೀನಿ."

ಸೀಟಿ ಕಡಲೆಬೇಳೆ ಡಬ್ಬಿ ಸೇರಿತು. ಸುಶ್ಮಿತಾ ಬಚ್ಚಲಿಗೆ ಹೋಗಿ ಅತ್ತಳು. ಪುಸ್ತಕವನ್ನೇನೋ ಬಾಯಿಪಾಠ ಮಾಡಬಹುದು. ಆದರೆ ಪರೀಕ್ಷೆಯ ದಿನ ಮೈದಾನದಲ್ಲಿ ನಿಂತು ಆಟ ಆಡಿಸಿ ತೋರಿಸಬೇಕು. ಸೀಟಿ ಗಟ್ಟಿ ಬಾರದಿದ್ದರೆ ಫೇಲು. ಮತ್ತೆ ಪರೀಕ್ಷೆ ಯಾವಾಗಲೋ, ಆಗ ಮನೆಯವರು ಬಿಡುತ್ತಾರೋ ಇಲ್ಲವೋ.

ಮೂರನೇ ದಿನ ಯಲ್ಲೇಶ ಸದ್ದಿಲ್ಲದೆ ಸೀಟಿ ತಂದು ಆಕೆಯ ಕೈಗೆ ಕೊಟ್ಟ. "ಅವ್ವ ಮನ್ಯಾಗ ಬ್ಯಾಡ ಅಂದಾಳ. ಹೊಲದಾಗ ಬ್ಯಾಡ ಅಂದಿಲ್ಲಲ್ಲ," ಎಂದ. ಹೂಂ ಎನ್ನುವುದರಲ್ಲೇ ಮೂವತ್ತು ವರ್ಷ ಕಳೆದವನ ತಲೆಯಲ್ಲಿ ಇಷ್ಟೊಂದು ಬುದ್ಧಿ ಇತ್ತೆಂದು ಸುಶ್ಮಿತಾಳಿಗೆ ಅವತ್ತೇ ಗೊತ್ತಾದದ್ದು.

ಹೊಲದಲ್ಲಿ ಬಿಳಿಜೋಳ ಹಾಲುಗಾಳು ಹಿಡಿದಿತ್ತು. ಹಕ್ಕಿ ಕಾಯಲು ದಿನಾ ಒಬ್ಬರು ಅಟ್ಟದ ಮೇಲೆ ನಿಲ್ಲಲೇಬೇಕು. ಸುಶ್ಮಿತಾ ತಾನೇ ಹೋಗುತ್ತೇನೆಂದಳು. ಮೊದಲ ದಿನ ಸೀಟಿ ಬಾಗಿಲ ಹಿಂದೆ ನಿಂತು ಮಾತಾಡಿದಷ್ಟು ಮೆಲ್ಲಗೆ ಬಂತು. ಐದು ವರ್ಷ ದನಿ ತಗ್ಗಿಸಿಯೇ ರೂಢಿಯಾಗಿತ್ತಲ್ಲ, ಉಸಿರೂ ತಗ್ಗಿತ್ತು. ಎರಡನೇ ದಿನ ಪಕ್ಕದ ಬದುವಿನವರೆಗೆ ಕೇಳಿಸಿತು. ಒಂದು ವಾರಕ್ಕೆ ಎದೆ ಬಿಚ್ಚಿತು. ಒಂದು ಕೈಯಲ್ಲಿ ಪುಸ್ತಕ, ಒಂದು ಕೈಯಲ್ಲಿ ಕವಣೆ, ಬಾಯಲ್ಲಿ ಸೀಟಿ. ಅಷ್ಟು ಸುಖವಾಗಿ ಆಕೆ ಇದ್ದು ಬಹಳ ದಿನವಾಗಿತ್ತು.

ಒಂದು ಮಧ್ಯಾಹ್ನ ಶೇಖವ್ವ ಬುತ್ತಿ ತಗೊಂಡು ಬಂದಳು. ಬದು ಹತ್ತುವಷ್ಟರಲ್ಲಿ ಗಿಳಿಗಳ ದೊಡ್ಡ ಹಿಂಡು ಬಂದು ತೆನೆಗಳ ಮೇಲೆ ಕುಳಿತಿತು. ಮುದುಕಿ ಹೋ ಹೋ ಎಂದು ಕೂಗಿದಳು. ನೆಗಡಿಯಿಂದ ಗಂಟಲು ಕಟ್ಟಿತ್ತು, ದನಿ ಹೊರಡಲಿಲ್ಲ. ಅಟ್ಟದ ಮೇಲಿದ್ದ ಸುಶ್ಮಿತಾ ಅತ್ತೆಯನ್ನು ನೋಡಿದಳು, ಗಿಳಿಗಳನ್ನು ನೋಡಿದಳು. ಆದದ್ದಾಗಲಿ ಎಂದು ಉಸಿರು ತುಂಬಿಕೊಂಡು ಊದಿದಳು. ಇಡೀ ಹಿಂಡು ಎದ್ದು ಹಳ್ಳದಾಚೆ ಹೋಯಿತು.

ಶೇಖವ್ವ ನಿಂತಲ್ಲೇ ನಿಂತಳು. ಸುಶ್ಮಿತಾ ಕೆಳಗಿಳಿದು ಬಂದು, "ಅತ್ತಿ, ಹೋದದ್ದು ಗಿಳಿ. ಲಕ್ಷ್ಮಿ ತೆನ್ಯಾಗ ಅದಾಳ ನೋಡ್ರಿ," ಎಂದಳು.

ಶೇಖವ್ವ ತೆನೆಯೊಂದನ್ನು ಬಗ್ಗಿಸಿ ಕಾಳು ಹಿಚುಕಿ ನೋಡಿದಳು. ಆಮೇಲೆ, "ಆ ಮೂಲ್ಯಾಗ ಇನ್ನೊಂದಿಷ್ಟು ಕುಂತಾವ. ಅವಕ್ಕೂ ಊದು," ಎಂದಳು.

ಬುತ್ತಿ ಉಣ್ಣುವಾಗ ಆಕೆಯ ಬಾಯಿಂದ ಪ್ರಶ್ನೆಗಳು ಬಂದವು. ಅಲ್ಲಿ ಗಂಡಸರೂ ಇರುತ್ತಾರಲ್ಲ, ನೀನು ಔಟ್ ಎಂದರೆ ಕೇಳುತ್ತಾರೇನು ಎಂದು ಕೇಳಿದಳು. ಕೇಳಲೇಬೇಕು, ಅದು ನಿಯಮ ಎಂದಳು ಸೊಸೆ. ಹೆಣ್ಣಿನ ಮಾತು ಕೇಳಲೇಬೇಕೆಂಬ ನಿಯಮವೂ ಲೋಕದಲ್ಲಿ ಇದೆಯೆಂದು ಶೇಖವ್ವನಿಗೆ ನಂಬಲಾಗಲಿಲ್ಲ. ಕೊನೆಗೆ, ಪರೀಕ್ಷೆಯ ದಿನ ಸ್ನೇಹಾಳನ್ನು ತಾನೇ ನೋಡಿಕೊಳ್ಳುವುದಾಗಿ ಹೇಳಿದಳು.

ಸುಶ್ಮಿತಾ ಪಾಸಾದಳು. ಫೆಬ್ರವರಿಯಲ್ಲಿ ಶಿರಹಟ್ಟಿಯಲ್ಲಿ ನಡೆದ ಹುಡುಗಿಯರ ಪಂದ್ಯಕ್ಕೆ ಕರೆ ಬಂತು. ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಶೇಖವ್ವನೂ ಹೋದಳು, ಯಾರೂ ಕರೆಯದೆ.

ಪಂದ್ಯದ ಕೊನೆಯ ಗಳಿಗೆ. ಹರ್ತಿಯ ಹುಡುಗಿಯೊಬ್ಬಳು ರೇಡ್ ಹೋಗಿ ಸಿಕ್ಕಿಬಿದ್ದಳು. ಮೂವರು ಕಾಲು ಹಿಡಿದರೂ ನೆಲ ಕಚ್ಚಿ ನಡುಗೆರೆಯತ್ತ ಕೈ ಚಾಚಿದಳು. ಮುಟ್ಟಿದಳು ಎಂದು ಜನ ಕೂಗಿದರು. ಗೆರೆಗೆ ಇನ್ನೂ ಎರಡು ಬೆರಳು ಉಳಿದಿದ್ದನ್ನು ಸುಶ್ಮಿತಾ ನೋಡಿದ್ದಳು. ಆ ಚಾಚಿದ ಕೈ ತನ್ನದೇ ಅನ್ನಿಸಿತು. ಆದರೂ ಸೀಟಿ ಊದಿ ಔಟ್ ಕೊಟ್ಟಳು. ಜಗಳಕ್ಕೆಂದು ಎದ್ದು ಬಂದ ಗಂಡಸೊಬ್ಬ ಆಕೆಯ ಮುಖ ನೋಡಿ ಹಿಂದಕ್ಕೆ ಹೋಗಿ ಕುಳಿತ. ಶೇಖವ್ವ ಅದನ್ನು ಕಣ್ಣಾರೆ ಕಂಡಳು.

ಎಲ್ಲರೂ ಹೋದ ಮೇಲೂ ಸುಶ್ಮಿತಾ ಗೆರೆಯ ಹೊರಗೆ ನಿಂತೇ ಇದ್ದಳು. ಕಣ್ಣು ತುಂಬಿತ್ತು. ಎಲ್ಲಾ ಚಲೋ ಆಯಿತಲ್ಲ, ಯಾಕವ್ವ ಎಂದಳು ಶೇಖವ್ವ.

"ಚಲೋ ಆತ್ರಿ ಅತ್ತಿ. ಆದ್ರ ಒಳಗ ಹೋಗಿ ಆಡಬೇಕನ್ನೂ ಆಸೆ ಇನ್ನೂ ಹೋಗವಲ್ದು."

ಶೇಖವ್ವ ಸೆರಗಿನಿಂದ ಸೊಸೆಯ ಮುಖ ಒರೆಸಿದಳು. "ಇರಲಿ ಬಿಡು. ನಿನಗ ಏನು ಬೇಕಿತ್ತಂತ ನಿನಗರ ಗೊತ್ತೈತಿ. ನನ್ನ ಯಾರೂ ಕೇಳಲಿಲ್ಲ. ಕೇಳಿದ್ರ ಏನಂತಿದ್ನೋ, ಈಗ ನನಗೂ ಗೊತ್ತಿಲ್ಲ."

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಆಟ ಬಿಟ್ಟು ಬಂದ ಸೊಸೆ ಇರಬಹುದು, ಆಡುವ ಮಗಳಿರಬಹುದು. ಲಗ್ನವಾಯಿತೆಂದು ಆಕೆಯ ಸರ್ಟಿಫಿಕೇಟುಗಳನ್ನು ರದ್ದಿಗೆ ಹಾಕಬೇಡಿ. ಆಟದಲ್ಲಿ ಆಡುವವರಿಗಷ್ಟೇ ಕೆಲಸ ಎಂದು ತಿಳಿಯಬೇಡಿ. ಶಾಲೆಯ ದೈಹಿಕ ಶಿಕ್ಷಕರನ್ನು, ಕ್ರೀಡಾ ಇಲಾಖೆಯ ಕಚೇರಿಯನ್ನು ವಿಚಾರಿಸಿ. ಅದಕ್ಕೂ ಮೊದಲು, ಇವತ್ತು ಊಟಕ್ಕೆ ಕುಳಿತಾಗ, ನಿನಗೆ ಏನಾಗಬೇಕಿತ್ತು ಎಂದು ಆಕೆಯನ್ನೇ ಕೇಳಿ. ಕೇಳಿ ಸುಮ್ಮನಿರಿ. ಯಾರೂ ಕೇಳದ ಪ್ರಶ್ನೆ ಅದು, ಉತ್ತರ ಬರಲು ಸ್ವಲ್ಪ ಹೊತ್ತು ಬೇಕಾದೀತು.