ಹದಿನಾಲ್ಕು ವಾಟಿನ ಕಂಟ್ರೋಲರ್

ಕರೆಂಟು ಹೋದಾಗ ನಮ್ಮ ಮನೆಯಲ್ಲಿ ಮೊದಲು ನಿಲ್ಲುವುದು ಫ್ಯಾನು, ಮೊದಲು ಏಳುವುದು ಅಪ್ಪ. ರೆಕ್ಕೆಗಳು ಕೊನೆಯ ಸುತ್ತು ಮುಗಿಸುವಷ್ಟರಲ್ಲಿ ಅವರು ಖಾಕಿ ಅಂಗಿಯ ಗುಂಡಿ ಹಾಕಿ, ಚರ್ಮದ ಚೀಲ ಹೆಗಲಿಗೇರಿಸಿ ಗೇಟಿನ ಹತ್ತಿರ ಇರುತ್ತಾರೆ. ಆ ಮೌನ ಅವರಿಗೆ ಎಂಜಿನ್ ಆಫ್ ಆದ ಬಸ್ಸಿನ ಹಾಗೆ ಕೇಳಿಸುತ್ತದೋ ಏನೋ. ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ನಿವೃತ್ತರಾಗಿ ಹನ್ನೆರಡು ವರ್ಷವಾಯಿತೆಂಬುದು ನಮಗೆಲ್ಲ ನೆನಪಿದೆ, ಅವರಿಗಿಲ್ಲ. ಡಾಕ್ಟರು ಈ ಮರೆವಿಗೆ ಉದ್ದನೆಯ ಹೆಸರೊಂದನ್ನು ಹೇಳಿದ್ದರು. ಆಸ್ಪತ್ರೆಯ ಮೆಟ್ಟಿಲು ಇಳಿಯುವ ಮೊದಲೇ ಅಪ್ಪ ಅದನ್ನೂ ಮರೆತರು.

ಗೇಟಿಗೆ ಬೀಗ ಹಾಕಿ ನೋಡಿದೆವು. ಕಾಂಪೌಂಡ್ ಹತ್ತಿ ಬಿದ್ದು ಮೊಣಕೈ ಮುರಿದುಕೊಂಡರು. ಆಮೇಲೆ ನಾನೊಂದು ಉಪಾಯ ಮಾಡಿದೆ. ಯಲಹಂಕ ಬಸ್ ನಿಲ್ದಾಣದಲ್ಲಿ ಚಿಕ್ಕಬೈರಪ್ಪ ಅಂತ ಟ್ರಾಫಿಕ್ ಕಂಟ್ರೋಲರ್ ಇದ್ದರು. ಯಾವ ಗಾಡಿ ಯಾವಾಗ ಹೊರಡಬೇಕು, ಯಾರು ಹತ್ತಬೇಕು ಎಂಬುದೆಲ್ಲ ಅವರ ಮಾತು. ಅಪ್ಪ ದೇವರ ಮಾತು ಮೀರಿದರೂ ಅವರ ಮಾತು ಮೀರಿದವರಲ್ಲ. ಸ್ಕೂಲು ಬಿಟ್ಟ ಮೇಲೆ ಅಪ್ಪನಿಗಾಗಿ ಅಲ್ಲೇ ಕಾಯುತ್ತಿದ್ದ ನಾನು ಅವರ ದನಿಯನ್ನು ಪೂರ್ತಿ ಎತ್ತಿಕೊಂಡಿದ್ದೆ. ಅದಕ್ಕಾಗಿ ಒಮ್ಮೆ ಅವರಿಂದಲೇ ಕಪಾಳಕ್ಕೆ ತಿಂದಿದ್ದೂ ಉಂಟು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಆ ದನಿಯನ್ನು ನನ್ನ ಗಂಟಲಿನಿಂದ ಹೊರತೆಗೆದು ರೆಕಾರ್ಡ್ ಮಾಡಿದೆ:

“ಏನ್ ಯೆಂಕಟ್ರಾಮಯ್ಯ, ಎಲ್ಲಿಗೆ ಒಂಟೆ? ಇವತ್ತು ನಿನ್ ಸೆಡ್ಯೂಲು ಕ್ಯಾನ್ಸಲ್ಲು. ಓಗು, ಓಗಿ ಒಳಗೆ ಕೂತ್ಕೋ.”

ಗೇಟಿಗೊಂದು ಕ್ಯಾಮೆರಾ, ಒಂದು ಸ್ಪೀಕರು. ಒಳಗೆ ಹಳೇ ಡೆಸ್ಕ್‌ಟಾಪೊಂದು ಸರ್ವರ್ ಆಗಿ ಇಪ್ಪತ್ನಾಲ್ಕು ಗಂಟೆ ಉರಿಯುತ್ತದೆ. ಹಾಲಿನವನು ಬಂದರೆ ಸುಮ್ಮನಿರುತ್ತದೆ. ಅಪ್ಪನ ಮುಖ ಕಂಡರೆ ಚಿಕ್ಕಬೈರಪ್ಪನವರು ಮಾತಾಡುತ್ತಾರೆ. ಅಪ್ಪ “ಆಯ್ತು ಸಾರ್” ಎಂದು ವಾಪಸ್ ಬರುತ್ತಾರೆ. ಸರ್ವರಿಗೂ ಒಂದೊಂದು ಸರ್ವರ್ ಬೇಕು ಎಂದು ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ.

ತೊಂದರೆ ಒಂದೇ. ಕರೆಂಟು ಹೋದಾಗಲೇ ಅಪ್ಪ ಏಳುವುದು, ಕರೆಂಟು ಹೋದಾಗಲೇ ಸರ್ವರ್ ಮಲಗುವುದು. ಮನೆಯ ಯುಪಿಎಸ್ ಬ್ಯಾಟರಿಗೆ ವಯಸ್ಸಾಗಿತ್ತು. ಡೆಸ್ಕ್‌ಟಾಪು ನೂರು ವಾಟ್ ಎಳೆದು ಅರ್ಧ ಗಂಟೆಯಲ್ಲಿ ಅದರ ಉಸಿರು ನಿಲ್ಲಿಸುತ್ತಿತ್ತು. ಹೋದ ತಿಂಗಳು ಹಾಗೆ ಹೊರಟ ಅಪ್ಪ ಸಿಕ್ಕಿದ್ದು ರಾಜಾನುಕುಂಟೆಯಲ್ಲಿ, ಒಂದು ತುಂಬಿದ ಬಸ್ಸಿನೊಳಗೆ, “ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ” ಎನ್ನುತ್ತಾ. ಆ ಬಸ್ಸಿನ ನಿಜವಾದ ಕಂಡಕ್ಟರ್ ಹೆಣ್ಣುಮಗಳು ಅವರನ್ನು ತನ್ನ ಸೀಟಿನಲ್ಲಿ ಕೂರಿಸಿ, ಚೀಲದ ಒಳಗೆ ಬರೆದಿದ್ದ ನನ್ನ ನಂಬರಿಗೆ ಫೋನ್ ಮಾಡಿದ್ದಳು. ಆ ಬಸ್ಸು ಹತ್ತಲು ಅವರು ದೊಡ್ಡಬಳ್ಳಾಪುರ ರಸ್ತೆಯನ್ನು ದಾಟಿರಲೇಬೇಕು. ಹೇಗೆ ದಾಟಿದರೋ ಎಂದು ನಾನು ಈಗಲೂ ಯೋಚಿಸಲು ಹೋಗುವುದಿಲ್ಲ.

ಈಗ ಏಪ್ರಿಲ್. ನೆಲದಡಿಯ ಕೇಬಲ್ ಕೆಲಸವಿದೆ, ಮಂಗಳವಾರ ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಕರೆಂಟಿಲ್ಲ ಎಂದು ಮೊಬೈಲಿಗೆ ಮೆಸೇಜು ಬಂತು. ಒಟ್ಟು ಆರು ಗಂಟೆ ಕಾಲ. ಮನೆಯಲ್ಲಿರುವುದು ನಾನು, ನನ್ನ ಹೆಂಡತಿ ನಾಗಲಕ್ಷ್ಮಿ, ಅಪ್ಪ. ಒಬ್ಬರು ಸ್ನಾನಕ್ಕೆ ಹೋಗಿ ಇನ್ನೊಬ್ಬರು ಒಲೆಯ ಮುಂದೆ ಇದ್ದರೆ ಸಾಕು, ಗೇಟು ತೆರೆದಿರುತ್ತದೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಆರ್.ಟಿ. ನಗರಕ್ಕೆ ಹೊರಟೆ.

ಮೆಹಬೂಬ್ ಪಾಷಾ ಅವರ ಅಂಗಡಿ ಒಂದು ಬೇಕರಿಯ ಹಿಂದಿದೆ. ಮುಚ್ಚಿಹೋದ ಅಂಗಡಿಗಳ ಕಂಪ್ಯೂಟರುಗಳನ್ನು ತಂದು ಬಿಚ್ಚಿ, ಜೀವವಿದ್ದದ್ದನ್ನು ಮಾರುತ್ತಾರೆ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಕನ್ನಡಕ ಹುಡುಕುವ ಮನುಷ್ಯ.

“ಏನಕ್ಕೆ ಸಾರ್ ಸಣ್ಣ ಬೋರ್ಡು? ಸಿನಿಮಾ ಇಳಿಸಕ್ಕಾ?”

“ನಮ್ಮಪ್ಪನ್ನ ನಿಲ್ಸಕ್ಕೆ, ಪಾಷಾ ಭಾಯ್.”

ಕತೆ ಹೇಳಿದೆ. ಕಂಟ್ರೋಲರ್ ದನಿ ಮಾಡಿ ತೋರಿಸಿ ಎಂದರು, ತೋರಿಸಿದೆ. ಬೇಕರಿಯ ಹುಡುಗರು ಇಣುಕಿ ನೋಡಿದರು. ಪಾಷಾ ನಗಲಿಲ್ಲ. ಒಳಗೆ ಹೋಗಿ ಪೇಪರಿನಲ್ಲಿ ಸುತ್ತಿದ್ದ ಒಂದು ಬೋರ್ಡ್ ತಂದರು. ಅಕ್ಕಿರೊಟ್ಟಿಗಿಂತ ಚಿಕ್ಕದು.

“ಸೂಪರ್ ಮಾರ್ಕೆಟ್ ಬಿಲ್ಲಿಂಗ್ ಮಿಷಿನ್ದು. ಕ್ಯಾಮೆರಾ ನೋಡಿ ಮುಖ ಗುರ್ತು ಹಿಡಿಯೋಷ್ಟು ಬುದ್ಧಿ ಐತೆ. ಒಂದು ಕೆಪಾಸಿಟರೂ ಉಬ್ಬಿಲ್ಲ, ಬೇಕಾದ್ರೆ ಮುಟ್ಟಿ ನೋಡಿ. ದೊಡ್ಡ ಪವರ್ ಸಪ್ಲೈ ಡಬ್ಬ ಬೇಡ ಇದಕ್ಕೆ. ಪಿನ್ ನೋಡಿ, ಲ್ಯಾಪ್‌ಟಾಪ್ ಥರ. ಹನ್ನೆರಡು ವೋಲ್ಟಿಂದ ಹತ್ತೊಂಬತ್ತುವರೆಗೂ ಏನ್ ಕೊಟ್ರೂ ಕುಡೀತದೆ.”

“ಅಂದ್ರೆ ಬ್ಯಾಟರಿಯಿಂದ ನೇರ ಕೊಡ್ಬೋದು.”

“ಮತ್ತೆ? ನೀವು ಯುಪಿಎಸ್ಸಿಗೆ ಹಾಕಿದ್ರೆ ಏನಾಗ್ತದೆ? ಬ್ಯಾಟರಿ ಡಿಸಿನ ಎಸಿ ಮಾಡ್ತದೆ, ಅಡಾಪ್ಟರ್ ಆ ಎಸಿನ ತಿರುಗಾ ಡಿಸಿ ಮಾಡ್ತದೆ. ಯಲಹಂಕದಿಂದ ಹೆಬ್ಬಾಳಕ್ಕೆ ಹೋಗಕ್ಕೆ ಮೆಜೆಸ್ಟಿಕ್ ಮೇಲೆ ಬಸ್ ಹತ್ತಿದಂಗೆ. ದಾರೀಲೇ ಅರ್ಧ ಚಾರ್ಜ್ ಇಳ್ಕೊಂಬಿಡ್ತದೆ.”

ಬೋರ್ಡಿಗೆ ಅಡಾಪ್ಟರ್ ಚುಚ್ಚಿ, ನಡುವೆ ವಾಟ್ ಮೀಟರ್ ಇಟ್ಟರು. ನಲವತ್ತಕ್ಕೆ ಹಾರಿದ ಅಂಕಿ ಇಳಿದಿಳಿದು ಹದಿನಾಲ್ಕಕ್ಕೆ ನಿಂತಿತು. ನೂರೆಲ್ಲಿ, ಹದಿನಾಲ್ಕೆಲ್ಲಿ. ನಾನು ಆ ಮೀಟರನ್ನೇ ನೋಡುತ್ತ ನಿಂತೆ.

“ವೋಲ್ಟೇಜ್ ಮಾತ್ರ ಹುಷಾರು ಸಾರ್. ಅದು ಬಿದ್ರೆ ಬೋರ್ಡ್ ಬೀಳ್ತದೆ. ನಂದೂ ಅದೇ ಪ್ರಾಬ್ಲಮ್, ಆದ್ರೆ ನಂದು ಓಲ್ಡೇಜು.”

ಇಂಥ ಮಾತು ನನಗಿಂತ ಮೊದಲು ಬೇರೆಯವರ ಬಾಯಿಗೆ ಬಂದರೆ ನನಗೆ ಹೊಟ್ಟೆಯುರಿ. ದಾರಿಯುದ್ದಕ್ಕೂ ಅದಕ್ಕೊಂದು ಉತ್ತರ ಹುಡುಕುತ್ತ ಬಂದು, ಅವರು ಹೇಳಿದ ‘ಹುಷಾರು’ ಎಂಬ ಪದವನ್ನು ಹೆಬ್ಬಾಳದಲ್ಲೇ ಬಿಟ್ಟೆ.

ಹನ್ನೆರಡು ವೋಲ್ಟಿನ ಪುಟ್ಟ ಬ್ಯಾಟರಿಯೊಂದನ್ನು ತಂದು ಬಾಲ್ಕನಿಯಲ್ಲಿ ಇಟ್ಟೆ. ಮನೆಯೊಳಗೆ ಬ್ಯಾಟರಿ ಬೇಡ ಅಂತ ನಾಗಲಕ್ಷ್ಮಿಯ ಷರತ್ತು. ಅಲ್ಲಿಂದ ನಡುಮನೆಯ ಶೋಕೇಸಿನಲ್ಲಿದ್ದ ಬೋರ್ಡಿಗೆ ಎಂಟು ಮೀಟರ್ ವೈರು. ಕಾಲಿಂಗ್ ಬೆಲ್ಲಿಗೆ ತಂದದ್ದು ಮಿಕ್ಕಿತ್ತು, ಬಿಳಿ ಬಣ್ಣ, ಗೋಡೆಯ ಅಂಚಿನಲ್ಲಿ ಕಾಣುವುದೇ ಇಲ್ಲ. ಇನ್ನೊಂದು ವಾಟ್ ಉಳಿಸೋಣವೆಂದು, ಕೆಲಸವಿಲ್ಲದಾಗ ಹಾರ್ಡ್ ಡಿಸ್ಕ್ ಮಲಗಿರಲಿ, ಅಪ್ಪ ಬಂದಾಗ ಮಾತ್ರ ಏಳಲಿ ಎಂದು ಏರ್ಪಾಡು ಮಾಡಿದೆ. ಸೋಮವಾರ ಕರೆಂಟು ಹೋಗಲಿಲ್ಲ, ಅಪ್ಪ ಗೇಟಿಗೆ ಬರಲಿಲ್ಲ. ಇಡೀ ದಿನ ಬೋರ್ಡ್ ಬೆಕ್ಕಿನಂತೆ ಸದ್ದಿಲ್ಲದೆ ಓಡಿತು. ನಾನು ಮಾತ್ರ ಗೇಟಿನಿಂದ ಶೋಕೇಸಿಗೆ, ಶೋಕೇಸಿನಿಂದ ಗೇಟಿಗೆ ಓಡಾಡಿದೆ.

“ರೀ, ಮಾವನ್ನ ಒಂದ್ಕಡೆ ಕೂರ್ಸಕ್ಕೆ ಮಿಷಿನ್ ಮಾಡಿದ್ರಿ,” ಎಂದಳು ನಾಗಲಕ್ಷ್ಮಿ. “ನಿಮಗೊಂದು ಯಾವಾಗ ಮಾಡ್ಕೊತೀರ?”

ಮಂಗಳವಾರ ಹತ್ತಕ್ಕೆ ಸರಿಯಾಗಿ ಕರೆಂಟು ಹೋಯಿತು. ಹತ್ತು ಗಂಟೆ ಎರಡು ನಿಮಿಷಕ್ಕೆ ಅಪ್ಪ ಗೇಟಿಗೆ ಬಂದರು. ನಾನು ಎದೆ ಉಬ್ಬಿಸಿಕೊಂಡು ಶೋಕೇಸಿನ ಮುಂದೆ ನಿಂತಿದ್ದೆ. ಕ್ಯಾಮೆರಾ ಕಂಡಿತು, ಡಿಸ್ಕ್ ವೂಂ ಎಂದು ಎದ್ದಿತು, ಹಸಿರು ದೀಪ ಕ್ಟಿಕ್ ಎಂದು ಆರಿತು. ಮತ್ತೆ ಹತ್ತಿತು, ವೂಂ, ಕ್ಟಿಕ್. ಗೇಟಿನ ಸ್ಪೀಕರಿನಿಂದ “ಏನ್ ಯೆ—” ಎಂಬಷ್ಟೇ ಬಂದು ನಿಂತಿತು. ಆಮೇಲೆ ಚಿಲಕ ತೆಗೆದ ಸದ್ದು.

ಓಡಿದೆ. ಗೇಟಿನ ಪಕ್ಕದ ನೀರಿನ ಡ್ರಮ್ಮಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಚಿಕ್ಕಬೈರಪ್ಪನವರ ದನಿ ತೆಗೆದೆ. ಏದುಸಿರಿತ್ತು, ಆದರೂ ನಡೆಯಿತು. ಅಪ್ಪ ಸ್ಪೀಕರಿನ ಕಡೆ ನೋಡಿ, ಡ್ರಮ್ಮಿನ ಕಡೆ ನೋಡಿ, “ಆಯ್ತು ಸಾರ್” ಎಂದು ಒಳಗೆ ಹೋದರು. ಹತ್ತು ನಿಮಿಷ ಅಷ್ಟೇ, ಮತ್ತೆ ಬರುತ್ತಾರೆ. ನಾಗಲಕ್ಷ್ಮಿಯನ್ನು ಬಾಗಿಲಿಗೆ ನಿಲ್ಲಿಸಿ, ಶೋಕೇಸಿನ ಮುಂದೆ ಕೂತು ಪಾಷಾಗೆ ಫೋನ್ ಮಾಡಿದೆ.

“ಡಿಸ್ಕ್ ಸದ್ದು ಕೇಳ್ಸಿ,” ಎಂದರು. ಫೋನನ್ನು ಡಿಸ್ಕಿನ ಪಕ್ಕ ಹಿಡಿದೆ.

“ಏನೂ ಇಲ್ಲ ಸಾರ್.”

“ಇಲ್ಲಿ ಕೂಗ್ತಾ ಇದೆ ಪಾಷಾ ಭಾಯ್.”

“ಈಗಿನ್ ಫೋನು ಮಿಷಿನ್ ಸದ್ದನ್ನ ಗಲಾಟೆ ಅಂತ ನುಂಗ್ಬಿಡ್ತದೆ. ಮನುಷ್ಯನ ದನಿ ಮಾತ್ರ ಬಿಡ್ತದೆ. ನೀವೇ ಮಾಡಿ ಸಾರ್. ಕಂಟ್ರೋಲರ್ ಮಾಡಿದ್ರಲ್ಲ, ಡಿಸ್ಕೂ ಮಾಡಿ.”

ಕಣ್ಣು ಮುಚ್ಚಿ, ಕೇಳಿದ್ದನ್ನು ಕೇಳಿದಂತೆಯೇ ಮಾಡಿದೆ. ವೂಂ ಎಂದು ಏರುವುದು, ಏರುತ್ತಲೇ ಕೊರಳು ಹಿಸುಕಿದಂತೆ ತಗ್ಗುವುದು, ನಾಲಿಗೆಯಲ್ಲಿ ಕ್ಟಿಕ್. ಎರಡನೇ ಸಲ ಮಾಡುವಾಗ ಬಾಗಿಲಲ್ಲಿದ್ದ ನಾಗಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡಳು.

“ಸಾಕು. ಡಿಸ್ಕ್ ಕೆಟ್ಟಿದ್ರೆ ಕರಕರ ಅಂತದೆ. ಇದು ಏಳಕ್ಕೆ ಹೋಗಿ ಶಕ್ತಿ ಸಾಲ್ದೆ ಕೂತ್ಕೊಂತಾ ಐತೆ. ಮಲಗಿದ್ದ ಡಿಸ್ಕ್ ಏಳೋವಾಗ್ಲೇ ಜಾಸ್ತಿ ಕೇಳೋದು, ಅದೇ ಟೈಮಿಗೆ ಸ್ಪೀಕರ್ ಬೇರೆ. ವೈರ್ ಯಾವ್ದು?”

ನಾನು ಹೇಳಿದೆ.

“ಬೆಲ್ ವೈರು. ಎಂಟು ಮೀಟರು. ಸಾರ್, ಕಾಲೇಜಲ್ಲಿ ಏನ್ ಪಾಠ ಮಾಡ್ತೀರಿ ಅಂದ್ರಿ?”

“ಎಲೆಕ್ಟ್ರಾನಿಕ್ಸ್.”

“ಹಾಂ,” ಎಂದರು, ಬಹಳ ಗೌರವದಿಂದ.

ವೈರು ಸಣ್ಣಗಾದಷ್ಟೂ ಉದ್ದವಾದಷ್ಟೂ ವೋಲ್ಟೇಜು ದಾರಿಯಲ್ಲೇ ಸೋರಿಹೋಗುತ್ತದೆ ಎಂದು ಹದಿನೈದು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಕಪ್ಪು ಬೋರ್ಡಿನ ಮೇಲೆ ಬರೆದದ್ದು ಹಸಿರು ಬೋರ್ಡಿಗೆ ಅನ್ವಯಿಸುತ್ತದೆಂದು ನೆನಪಾಗಲಿಲ್ಲ. ಮನೆಯಲ್ಲಿ ಮರೆವು ಅಪ್ಪನಿಗೆ ಮಾತ್ರ ಅಂದುಕೊಂಡಿದ್ದೆ.

ಕೆಟ್ಟ ಇಸ್ತ್ರಿಪೆಟ್ಟಿಗೆಯ ದಪ್ಪ ವೈರು ಕತ್ತರಿಸಿದೆ. ಬ್ಯಾಟರಿಯನ್ನು ಎತ್ತಿ ತಂದು ಶೋಕೇಸಿನ ಕೆಳಗೇ ಇಟ್ಟೆ. ನಾಗಲಕ್ಷ್ಮಿ ಷರತ್ತಿನ ಮಾತೆತ್ತಲಿಲ್ಲ. ಡಿಸ್ಕಿಗೆ ನಿದ್ದೆ ರದ್ದು ಮಾಡಿದೆ. ಅಷ್ಟರಲ್ಲಿ ಅಪ್ಪ ಎರಡು ಸಲ ಬಂದಿದ್ದರು, ಎರಡು ಸಲವೂ ಡ್ರಮ್ಮಿನ ಹಿಂದೆ ಓಡಿದ್ದೆ. ಮೂರನೆಯ ಸಲ ನಾನು ಓಡಲಿಲ್ಲ. ಹಸಿರು ದೀಪ ಮಿಣುಕಲಿಲ್ಲ. ಚಿಕ್ಕಬೈರಪ್ಪನವರು ಗೇಟಿನಲ್ಲಿ ಗಂಟಲು ಬಿಚ್ಚಿ ಪೂರ್ತಿ ಮಾತಾಡಿದರು. ಅಪ್ಪ ವಾಪಸ್ ಬಂದರು.

ಹನ್ನೊಂದೂವರೆಗೆ ಬಂದರು. ಹನ್ನೆರಡಕ್ಕೆ ಬಂದರು. ಹನ್ನೆರಡೂ ಕಾಲಿಗೆ. ಬೋರ್ಡ್ ಒಂದು ಸಲವೂ ತಪ್ಪಲಿಲ್ಲ. ಪಾಷಾಗೆ ಹೇಳೋಣವೆಂದು ಫೋನ್ ಎತ್ತಿಕೊಂಡು ಕಿಟಕಿಗೆ ಬಂದೆ. ಅಪ್ಪ ಗೇಟಿನ ಮುಂದೆ ಬರಿಗಾಲಲ್ಲಿ ನಿಂತಿದ್ದರು. ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಿದ್ದರು. ಎರಡೂ ಕೈ ಜೋಡಿಸಿ ಸ್ಪೀಕರಿನ ಡಬ್ಬಿಯ ಕಡೆ ಮುಖ ಮಾಡಿದ್ದರು.

“ಏನ್ ತಪ್ಪಾಯ್ತು ಅಂತ ಹೇಳ್ಬಿಡಿ ಬೈರಪ್ಪನೋರೆ,” ಎನ್ನುತ್ತಿದ್ದರು. “ಯಾವ ಪ್ಯಾಸೆಂಜರ್ ಹತ್ರನೂ ಜಗಳ ಆಡಿಲ್ಲ. ಒಂದು ದಿನ ಲೇಟ್ ಬಂದಿಲ್ಲ. ದಿನಾ ಕ್ಯಾನ್ಸಲ್ ಅಂತೀರ. ಮನೇಲಿ ಏನ್ ಹೇಳ್ಲಿ ನಾನು?”

ಕ್ಯಾಮೆರಾ ಅವರ ಮುಖ ನೋಡಿತು. ಚಿಕ್ಕಬೈರಪ್ಪನವರು ಅದೇ ದನಿಯಲ್ಲಿ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ, ಇವತ್ತು ನಿನ್ ಸೆಡ್ಯೂಲು ಕ್ಯಾನ್ಸಲ್ಲು ಎಂದರು.

ಇಷ್ಟು ದಿನ ಕರೆಂಟು ಹೋದ ಅರ್ಧ ಗಂಟೆಗಾದರೂ ಆ ಮನುಷ್ಯ ಬಾಯಿ ಮುಚ್ಚುತ್ತಿದ್ದ. ಈಗ ಹದಿನಾಲ್ಕು ವಾಟಿನಲ್ಲಿ ಎಷ್ಟು ಹೊತ್ತು ಬೇಕಾದರೂ ಹೇಳುತ್ತಾನೆ. ಹಾಗೆ ಮಾಡಿದವನು ನಾನೇ.

ನಾಗಲಕ್ಷ್ಮಿಯೂ ಕಿಟಕಿಗೆ ಬಂದಿದ್ದಳು. “ಬೇರೆ ಏನಾದ್ರೂ ಹೇಳ್ಸಿ,” ಎಂದಳು. ಅಷ್ಟೇ ಹೇಳಿ ಹೊರಗೆ ಹೋಗಿ ಅಪ್ಪನ ಚಪ್ಪಲಿಯನ್ನು ಅವರ ಕಾಲ ಬಳಿ ಇಟ್ಟಳು.

ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮೊಬೈಲಿಗೆ ಮಾತಾಡಿದೆ. ಮೊದಲ ಎರಡು ಸಲ ಗಂಟಲು ನನ್ನದೇ ಆಗಿಬಿಟ್ಟಿತು. ಮೂರನೆಯ ಸಲ ಚಿಕ್ಕಬೈರಪ್ಪನವರು ಬಂದರು. ಅದನ್ನು ಸರ್ವರಿಗೆ ಹಾಕಿ, ಹಳೆಯದನ್ನು ಅಳಿಸಿದೆ. ಅಪ್ಪ ಮುಂದಿನ ಸಲ ಗೇಟಿಗೆ ಬಂದಾಗ ಒಂದು ಗಂಟೆ.

“ಬಂದಾ ಯೆಂಕಟ್ರಾಮಯ್ಯ. ನಿನ್ ಗಾಡಿ ಎಬ್ಬಾಳದಾಗೆ ಟ್ರಾಪಿಕ್ಕಲ್ಲಿ ಸಿಕ್ಕಾಕ್ಕೊಂಡೈತೆ. ಆ ರೂಟಿಗೆ ನೀನೇ ಬೇಕು ಕಣಯ್ಯ, ಬೇರೆಯೋರ್ ಕೈಲಾಗಕಿಲ್ಲ. ಎಲ್ಲೂ ಓಗ್ಬ್ಯಾಡ. ಬಂದೇಟ್ಗೆ ಕೂಗ್ತೀನಿ.”

ಹೆಬ್ಬಾಳದ ಮೇಲ್ಸೇತುವೆ ಖಾಲಿಯಾಗುವ ದಿನದವರೆಗೆ ಇದನ್ನು ಸುಳ್ಳೆಂದು ಯಾರೂ ಹೇಳುವಂತಿಲ್ಲ.

ಅಪ್ಪ ಹೆಗಲಿನ ಚೀಲ ಇಳಿಸಿದರು. “ಹೆಬ್ಬಾಳ ಅಂದ್ರೆ ಲೇಟೇ ಬಿಡಿ,” ಎಂದರು. ದನಿಯಲ್ಲಿ ಬೇಸರವಿತ್ತು, ಡ್ಯೂಟಿಯಲ್ಲಿ ಇರುವವರ ಬೇಸರ. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಚೀಲವನ್ನು ತೊಡೆಗೆಳೆದುಕೊಂಡರು. ನಾಗಲಕ್ಷ್ಮಿ ಟೀ ತಂದುಕೊಟ್ಟಳು. ಲೋಟ ಕೆಳಗಿಟ್ಟು, ಹತ್ತಿರ ಬಂದು ನಿಂತಿದ್ದ ನನ್ನನ್ನು ನೋಡಿದವರು ಸ್ವಲ್ಪ ಸರಿದು ಜಾಗ ಮಾಡಿದರು.

“ಕೂತ್ಕೊಳ್ಳಿ ಸಾರ್. ನಿಂತ್ಕೊಂಡ್ರೆ ಬಸ್ ಬೇಗ ಬರಲ್ಲ. ಎಲ್ಲಿಗೆ?”

“ಶಿವಾಜಿನಗರ,” ಎಂದೆ.

“ಇದೇ ಹೋಗತ್ತೆ.”

ಕೂತೆ. ಬೆಳಗಿನಿಂದ ಮೊದಲ ಸಲ ನೆಮ್ಮದಿಯಾಗಿ ಕೂತಿದ್ದೆ. ನಾಲ್ಕಕ್ಕೆ ಒಳಗೆ ಫ್ಯಾನು ತಿರುಗಿದ ಸದ್ದು ಬಂತು. ಇಬ್ಬರೂ ಏಳಲಿಲ್ಲ.