ಪಶುಪತಿನಾಥನ ದಾರಿ ತೆರೆದಿದೆಯೇ?

ಗೌರಾಬಾಯಿ ನೇಪಾಳಕ್ಕೆ, ಪಶುಪತಿನಾಥನ ದರ್ಶನಕ್ಕೆ ಹೊರಟಿದ್ದಾರೆ ಎಂಬ ಸುದ್ದಿ ಹಬ್ಬಿದ ಮೇಲೆ ಅವರ ಮನೆಗೆ ಮತ್ತೆ ಮಂದಿ ಬರತೊಡಗಿದರು.

ಕೋಥರೂಡ ಬಡಾವಣೆಯ ಒಂದು ವಸತಿ ಸೊಸೈಟಿಯಲ್ಲಿ ಎರಡನೆಯ ಮಹಡಿಯ ಮನೆ. ಯಜಮಾನರು ಶಿವರುದ್ರಪ್ಪ ತೀರಿಕೊಂಡು ನಾಲ್ಕು ವರ್ಷ. ಮಕ್ಕಳಿಲ್ಲ. ವಿಜಾಪುರದ ಕಡೆಯ ಬಳಗ ಮೊದಮೊದಲು ವಾರಕ್ಕೊಮ್ಮೆ ಫೋನು ಮಾಡುತ್ತಿತ್ತು, ಆಮೇಲೆ ಹಬ್ಬಕ್ಕಷ್ಟೇ, ಆಮೇಲೆ ಅದೂ ಇಲ್ಲ. ಹಾಲಿನವನು ಬಾಗಿಲ ಹಿಡಿಕೆಯ ಚೀಲದಲ್ಲಿ ಪಾಕೀಟು ಹಾಕಿ ಹೋಗುತ್ತಿದ್ದ. ಒಮ್ಮೊಮ್ಮೆ ಸಂಜೆಯಾದರೂ ಗೌರಾಬಾಯಿಯ ಬಾಯಿಂದ ಒಂದು ಮಾತು ಹೊರಟಿರುತ್ತಿರಲಿಲ್ಲ.

ಯಾತ್ರೆಗೆ ಹೊರಟವರ ಕೈಯಲ್ಲಿ ತಮ್ಮದೂ ಒಂದು ಸೇವೆ ಕಳಿಸುವುದು ನಮ್ಮ ಮಂದಿಯ ರೂಢಿ. ಒಬ್ಬರು ಬೆಳ್ಳಿಯ ಬಿಲ್ವದೆಲೆ ತಂದುಕೊಟ್ಟರು. ಇನ್ನೊಬ್ಬರು ಮಗಳ ಹೆಸರು, ನಕ್ಷತ್ರ ಬರೆದ ಚೀಟಿ ಕೊಟ್ಟರು. ಮೂರನೆಯ ಮಹಡಿಯ ಕಾಶವ್ವ ದೇವರಿಗೆ ಏರಿಸಲು ರೇಷ್ಮೆ ಶಲ್ಯ ಕೊಟ್ಟು, ಎರಡು ಸಲ ಚಹಾ ಕುಡಿದು ಹೋದಳು. ಗೌರಾಬಾಯಿ ಎಲ್ಲವನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಕಟ್ಟಿ ಹೆಸರು ಬರೆದಿಟ್ಟರು. ಹನ್ನೊಂದು ಗಂಟುಗಳಾದವು.

ಹೊರಡಲು ಆರು ದಿನ ಇರುವಾಗ ಕೆಳಗಿನ ಮನೆಯ ಶಾಮಲಾ ಬಂದಳು. ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಅವಳದು. ಗೌರಾಬಾಯಿಯನ್ನು ಮರಾಠಿ ರೂಢಿಯಂತೆ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಕೈಯಲ್ಲಿ ಅಲ್ಲಿಯ ಕಂಪ್ಯೂಟರಿನಿಂದ ತೆಗೆದ ಒಂದು ಹಾಳೆ ಇತ್ತು.

“ಬಾರವಾ. ನಿಂದೂ ಏನರೆ ಹರಕಿ ಅದ ಏನು?”

“ಇಲ್ಲ ಮಾವಶಿ. ಇದನ್ನ ಓದಿ ಹೇಳ್ಲಿಕ್ಕೆ ಬಂದೀನಿ. ನೇಪಾಳದಾಗ ಬಂದ್ ನಡದದ, ಕರ್ಫ್ಯೂ ಹಾಕ್ಯಾರ. ಅಗದೀ ಜರೂರ ಇಲ್ಲಂದ್ರ ಸದ್ಯ ಹೋಗಬ್ಯಾಡ್ರಿ ಅಂತ ನಮ್ಮ ವಿದೇಶಾಂಗ ಖಾತೆಯವರು ಹೇಳ್ಯಾರ.”

ಗೌರಾಬಾಯಿ ನಕ್ಕರು. “ವಿದೇಶ ಯಾವುದು? ಪಾಸ್‌ಪೋರ್ಟ್ ಬ್ಯಾಡ, ವೀಸಾ ಬ್ಯಾಡ. ಸೊಲ್ಲಾಪುರಕ್ಕ ಹೋಗಿ ಬಂದಂಗ ಅಂತ ದಿಗಂಬರ ಹೇಳ್ಯಾನ.” ದಿಗಂಬರ ಎಂದರೆ ಯಾತ್ರೆಗೆ ಕರೆದೊಯ್ಯುವವನು.

“ಪಾಸ್‌ಪೋರ್ಟ್ ಕೇಳೂದಿಲ್ಲ ಅಂದ ಮಾತ್ರಕ್ಕ ಅದು ನಮ್ಮ ದೇಶ ಆಗೂದಿಲ್ರಿ. ಗೋರಖಪುರದ ತನಕ ರೈಲು. ಗಡಿ ದಾಟಿದ ಮ್ಯಾಲೆ ಬಸ್ಸು ಅವರ ರಸ್ತಾದಾಗ ಹೋಗಬೇಕು. ನಡಬರಕ ಸಿಕ್ಕೊಂಡ್ರ? ನಿಮ್ಮ ಸಕ್ಕರಿ ಕಾಯಿಲೆ ಮಾತ್ರಿ ಎಷ್ಟು ದಿನದ್ದು ಕಟ್ಟೀರಿ?”

“ಹನ್ನೆರಡು ದಿನದ್ದು.”

“ಕರ್ಫ್ಯೂದಾಗ ಔಷಧದ ಅಂಗಡಿ ಯಾರು ತಗೀತಾರ?”

“ಪಶುಪತಿನಾಥ ಇದ್ದಾನಲ್ಲ!”

“ಇದ್ದೇ ಇರ್ತಾನ. ಮುಂದಿನ ವರ್ಷಾನೂ ಇರ್ತಾನ. ಔಷಧದ ಅಂಗಡಿ ಅವಂದಲ್ಲ.”

ಹಾಳೆ ಇಂಗ್ಲಿಷಿನಲ್ಲಿತ್ತು. ಶಾಮಲಾ ಬೆರಳಿಟ್ಟು ಒಂದೊಂದೇ ಸಾಲು ಬಿಡಿಸಿ ಹೇಳಿದಳು. ಯಾವ ರಸ್ತೆ ಬಂದಾಗಿದೆ, ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ಫೋನ್ ನಂಬರ್ ಏನು, ಹೋಗಲೇಬೇಕಾದವರು ಏನು ಮಾಡಬೇಕು. ಕೊನೆಯ ಸಾಲಿಗೆ ಬಂದಳು. “ಎಲ್ಲಿ ಇಳಕೋತೀರಿ, ಯಾವಾಗ ತಿರುಗಿ ಬರ್ತೀರಿ ಅಂತ ಮನಿಯವರ ಕಡೆ ಬರದುಕೊಟ್ಟು ಹೋಗ್ರಿ ಅಂತ ಅದ.”

“ಯಾರ ಕಡೆ ಕೊಡ್ಲಿ?” ಎಂದರು ಗೌರಾಬಾಯಿ.

ಶಾಮಲಾಳ ಬೆರಳು ಆ ಸಾಲಿನ ಮೇಲೇ ನಿಂತಿತು.

“ನಿನಗ ಖರೇ ಹೇಳ್ತೀನಿ ಕೇಳು. ನಾ ಹೋಗೂದಿಲ್ಲ ಅಂದ್ರ ಈ ಗಂಟು ಎಲ್ಲಾ ತಿರುಗಿ ಕೊಡಬೇಕು. ಆಮ್ಯಾಲೆ ಈ ಮನೀಗೆ ಯಾರು ಬರ್ತಾರವಾ?”

ಶಾಮಲಾ ಹಾಳೆಯನ್ನು ಅವರ ಮುಂದೆ ಸರಿಸಿದಳು: “ನನ್ನ ನಂಬರ ಬರಕೋರಿ. ಎಲ್ಲಿಗೇ ಹೋದ್ರೂ ನನಗ ಹೇಳಿ ಹೋಗ್ರಿ. ಆದ್ರ ಮಂದಿ ಬರ್ತಾರಂತ ಕರ್ಫ್ಯೂದಾಗ ಹೋಗಬ್ಯಾಡ್ರಿ ಮಾವಶಿ.”

ಮರುದಿನ ಗೌರಾಬಾಯಿ ದಿಗಂಬರನಿಗೆ ಫೋನು ಮಾಡಿದರು. “ಸರ್ಕಾರದ ಸೂಚನೆ ನೋಡೀಯೇನಪಾ?”

“ಇಲ್ರಿ. ಏನೂ ಆಗೂದಿಲ್ಲ ಬರ್ರಿ.”

“ಗಡಿ ದಾಟಿದ ಮ್ಯಾಲೆ ರಸ್ತಾ ಬಂದಾದ್ರ ನಮ್ಮನ್ನ ಎಲ್ಲಿ ಇಡ್ತೀ?”

“ಅದನ್ನ ಅಲ್ಲಿ ಹೋದ ಮ್ಯಾಲೆ ನೋಡೋಣಂತ ಬರ್ರಿ.”

“ಹಂಗಾರ ನನ್ನ ಹೆಸರು ತಗದುಬಿಡಪಾ.”

ಎರಡು ದಿನ ಹನ್ನೊಂದು ಮನೆಗಳ ಮೆಟ್ಟಿಲು ಹತ್ತಿಳಿದರು. ಹೆಚ್ಚಿನವರು ಗಂಟು ಇಸಕೊಂಡು, ಆಗಲಿ ಬಿಡಿ ಎಂದು ಬಾಗಿಲು ಹಾಕಿದರು. ಕಾಶವ್ವ ಮಾತ್ರ ಕುಟುಕಿದಳು: “ದೇವರ ಕಡೆ ಹೊಂಟವರು ಹೆದರಿದ್ರಲ್ರೀ!”

“ದೇವರಿಗೆ ಹೆದರಿಲ್ಲವಾ. ಕರ್ಫ್ಯೂಕ್ಕ ಹೆದರೀನಿ.”

ಹೊರಡಬೇಕಿದ್ದ ದಿನ, ರೈಲು ಬಿಡುವ ವೇಳೆಗೆ, ಗೌರಾಬಾಯಿ ಮನೆಯ ಮುಂದಿನ ಗ್ಯಾಲರಿಯಲ್ಲಿ ನಿಂತು ಸ್ಟೇಶನ್ನಿನ ಕಡೆ ಹೋಗುವ ಬಸ್ಸುಗಳನ್ನು ನೋಡಿದರು. ಹೋಗಿದ್ದರೆ ಏನಾದರೂ ಆಗುತ್ತಿತ್ತೋ ಇಲ್ಲವೋ, ಯಾರು ಹೇಳಬೇಕು? ಒಳಗೆ ಬಂದು ವೇಳೆಗೆ ಸರಿಯಾಗಿ ಮಾತ್ರೆ ನುಂಗಿದರು. ಆಮೇಲೆ ದಿನಾಲೂ ಶಾಮಲಾ ಕೆಲಸಕ್ಕೆ ಹೋಗುವಾಗ ಕೆಳಗಿನಿಂದ “ಮಾವಶೀ” ಎಂದು ಕೂಗುತ್ತಿದ್ದಳು. ಉಳಿದ ದಿನವೆಲ್ಲ ಮೊದಲಿನಂತೆಯೇ.

ರೈಲು ಹೋದ ಹತ್ತನೆಯ ದಿನ ಕಾಶವ್ವ ಬಂದಳು. ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತಳು. “ನನ್ನ ತಂಗಿ, ತಂಗಿ ಗಂಡ ಕೇದಾರಕ್ಕ ಹೊಂಟಾರ್ರಿ. ಹವಾ ಹೆಂಗದ, ದಾರಿ ತೆರದಾರೋ ಇಲ್ಲೋ... ಸರ್ಕಾರದವರು ಏನು ಹೇಳ್ಯಾರ ಅಂತ ಆ ಕಾಗದ ಎಲ್ಲಿ ಸಿಗತದ?”

“ಶಾಮಲಾ ಈಗ ಬರ್ತಾಳ. ಇಬ್ಬರೂ ಕೂಡಿ ಕೇಳೋಣಂತ,” ಎಂದು ಗೌರಾಬಾಯಿ ಕುರ್ಚಿ ಎಳೆದರು. “ಅಲ್ಲೀತನಕ ಕೂಡ್ರವಾ.”

ನೀವೂ ಎಲ್ಲಿಗಾದರೂ ಹೊರಟಿದ್ದೀರಾ? ಟಿಕೀಟು ತೆಗೆಸುವ ಮೊದಲು ಒಂದು ದಿನ ತಡೆಯಿರಿ. ಹೊರದೇಶವಾದರೆ ವಿದೇಶಾಂಗ ಖಾತೆಯ ಸೂಚನೆ ಓದಿ, ನಮ್ಮ ದೇಶದೊಳಗಾದರೆ ಆ ರಾಜ್ಯ ಸರ್ಕಾರದ್ದು. ಪಾಸ್‌ಪೋರ್ಟ್ ಬೇಡದ ದೇಶವೂ ಹೊರದೇಶವೇ. ನಿಮಗೆ ಓದಲು ಆಗದಿದ್ದರೆ ಓದಬಲ್ಲವರನ್ನು ಕೇಳಿ, ಅದರಲ್ಲಿ ನಾಚಿಕೆಯಿಲ್ಲ. ಸೂಚನೆಗಳು ಬದಲಾಗುತ್ತವೆ, ಹೊರಡುವ ಹಿಂದಿನ ದಿನ ಮತ್ತೊಮ್ಮೆ ನೋಡಿ. ಹೋಗಬೇಡಿ ಎಂದಿದ್ದರೆ ಬೇರೆ ಊರು ಆರಿಸಿಕೊಳ್ಳಿ, ಇಲ್ಲವೆ ಕಾಯಿರಿ.

ಇನ್ನೊಂದು ಮಾತು. ನಿಮ್ಮ ಕಟ್ಟಡದಲ್ಲಿ ಒಬ್ಬರೇ ಇರುವವರು ಯಾತ್ರೆಗೆ ಹೊರಟರೆ, ಸೇವೆಯ ಗಂಟು ಕೊಡುವ ಮೊದಲು ನಿಮ್ಮ ಫೋನ್ ನಂಬರ್ ಕೊಡಿ. ಅವರು ತಿರುಗಿ ಬಂದರೇ ಎಂದು ಕೇಳುವವರು ಒಬ್ಬರಾದರೂ ಇರಲಿ.